ಮೀನಖಂಡದ ದೂರು

ಮೊನ್ನೆ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋದಾಗ, ಸಂಗಮದಲ್ಲಿ ಮಿಂದು ಗುಡಿಯ ಕಡೆ ನಡೆದು ಬರುವ ದಾರಿಯಲ್ಲಿ ನೀನು ಮೂರು ಸಲ ನಿಂತಿ. ಮೊದಲನೇ ಸಲ ಚಪ್ಪಲಿಯಲ್ಲಿ ಹರಳು ಹೊಕ್ಕಿದೆ ಅಂದಿ. ಎರಡನೇ ಸಲ ಜೇಬಿನಿಂದ ಫೋನ್ ತೆಗೆದು ಕಿವಿಗೆ ಹಿಡಿದಿ; ಅದು ರಿಂಗ್ ಆಗಿಯೇ ಇರಲಿಲ್ಲ. ಮೂರನೇ ಸಲ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟ ಹಾಗೆ ಮಾಡಿ ಅಂಚಿಗೆ ಸರಿದು ಬೀಡಿ ಹಚ್ಚಿದಿ. “ನೀವು ಮುಂದ ನಡೀರಿ ಕಾಕಾ, ನಾ ಬರ್ತೀನಿ” ಅಂದಿ. ಬೀಡಿ ತುಟಿಗೆ ಹೋದ ಮೇಲೆ ನಿನ್ನ ಕೈ ಎಲ್ಲಿತ್ತು ಗೊತ್ತೇ? ಬಲಗಾಲಿನ ಮೀನಖಂಡದ ಮೇಲೆ. ಹೆಂಗಸರು ಮಕ್ಕಳು ಜೊತೆಗಿದ್ದರು, ಅವರೆದುರು ಬೇಡ ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಸಿಟ್ಟಾಗದೆ ಕೇಳು.

ಆ ಮೂರೂ ನೆಪ ಹದಿನೈದು ವರ್ಷದ ಹಿಂದೆ ನಾನೇ ಹೂಡಿದವು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಬಸ್ಸಿಳಿದು ಶಾಲೆಗೆ ಹೋಗುವ ದಾರಿಯಲ್ಲಿ ಹನ್ನೊಂದು ಲೈಟ್ ಕಂಬ. ನಾಲ್ಕನೇ ಕಂಬಕ್ಕೆ ಬರುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಸಿ ಧೋತರ ಹಿಂಡಿದ ಹಾಗೆ ಹಿಂಡುತ್ತಿತ್ತು. ನಿಲ್ಲುತ್ತಿದ್ದೆ. ಮಾಸ್ತರು ರಸ್ತೆ ನಡುವೆ ಸುಮ್ಮನೆ ನಿಂತರೆ ಹುಡುಗರು ನೋಡುತ್ತಾರಲ್ಲ, ಅದಕ್ಕೆ ಬೀಡಿ ಹಚ್ಚುತ್ತಿದ್ದೆ. ಎರಡು ಜುರುಕಿ ಎಳೆಯುವಷ್ಟರಲ್ಲಿ ಕಾಲು ಬಿಡುತ್ತಿತ್ತು. ನಿಂತದ್ದಕ್ಕೆ ನೋವು ಹೋಗುತ್ತಿತ್ತು, ಪುಣ್ಯ ಮಾತ್ರ ಬೀಡಿಗೆ. ಎರಡು ವರ್ಷ ನಾನು ನಂಬಿದ್ದು ಇದನ್ನೇ: ಬೀಡಿ ಎಳೆದರೆ ಕಾಲು ಸಡಿಲಾಗುತ್ತದೆ. ಲೆಕ್ಕ ಕಲಿಸುವ ಮಾಸ್ತರನ ಲೆಕ್ಕ ನೋಡು!

ನಮ್ಮ ಕಡೆ ಇನ್ನೊಂದು ತೊಡಕಿದೆ. ಮೈಯೊಳಗೆ ದಾರದಂತೆ ಇರುವುದೆಲ್ಲ ನಮಗೆ ‘ನರ’. ನೋವಿನ ಸುದ್ದಿ ಒಯ್ಯುವುದೂ ನರ, ರಕ್ತ ಒಯ್ಯುವುದೂ ನರ, ಮುಂಗೈ ಮೇಲೆ ಹಸಿರಾಗಿ ಉಬ್ಬಿದ್ದೂ ನರ. “ಕಾಲು ಸೆಳೀತಾವ್ರಿ” ಅಂತ ಹೋದರೆ “ನರ ವೀಕ್ ಆಗ್ಯಾವ” ಅನ್ನುತ್ತಾರೆ, ಕೆಂಪು ಬಣ್ಣದ ಇಂಜೆಕ್ಷನ್ ಬರೆಯುತ್ತಾರೆ. ನಾನೂ ಒಂದು ವರ್ಷ ವಾರ ವಾರ ಆ ಕೆಂಪು ಸೂಜಿ ಚುಚ್ಚಿಸಿಕೊಂಡೆ. ಸೂಜಿಯ ತಪ್ಪಲ್ಲ ಅದು. ಕೆಟ್ಟದ್ದು ನರ ಆಗಿರಲಿಲ್ಲ, ರಕ್ತನಾಳ ಆಗಿತ್ತು.

ಕೊನೆಗೆ ಕಲಬುರಗಿಯಲ್ಲಿ ಒಬ್ಬ ಎಳೆಯ ಡಾಕ್ಟರು, ನಾನು ಬಾಯಿ ತೆಗೆಯುವ ಮುಂಚೆಯೇ ಕಾಲುಚೀಲ ಬಿಚ್ಚಿಸಿದರು. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನಿಂದ ಮೇಲೆ ಬರುವ ಹುರಿಯ ಪಕ್ಕ, ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಒಳಗಡೆಯ ಹರಡಿನ ಹಿಂದೆ. ಎಡಗಾಲಲ್ಲಿ ಎರಡೂ ಕಡೆ ತಟತಟ. ಬಲಗಾಲಲ್ಲಿ ಬೆರಳು ಅತ್ತ ಇತ್ತ ಹುಡುಕಾಡಿತು. ಅಂಗಾತ ಮಲಗಿಸಿ ಹತ್ತು ನಿಮಿಷ ಬಿಟ್ಟು ಎರಡೂ ತೋಳಿನಲ್ಲಿ ಬಿಪಿ ನೋಡಿದರು. ನಂತರ ಅದೇ ಪಟ್ಟಿಯನ್ನು ಹರಡಿನ ಮೇಲೆ ಸುತ್ತಿ, ಪೆನ್ನಿನಂಥದೊಂದು ಉಪಕರಣಕ್ಕೆ ಲೋಳೆ ಹಚ್ಚಿ ಪಾದದ ಮೇಲಿಟ್ಟರು. ಎಡಗಾಲಲ್ಲಿ ತೋಟಕ್ಕೆ ನೀರು ಬಿಟ್ಟಾಗ ಪೈಪಿನ ಬಾಯಲ್ಲಿ ಬರುವಂಥ ಸದ್ದು, ಹುಶ್, ಹುಶ್. ಬಲಗಾಲಲ್ಲಿ ಸಂದಿಯಲ್ಲಿ ಗಾಳಿ ಸುಯ್ಯೆಂದ ಹಾಗೆ. ತೋಳಿನಲ್ಲಿ 140 ಇತ್ತು, ಎಡ ಹರಡಿನಲ್ಲಿ 138, ಬಲ ಹರಡಿನಲ್ಲಿ 84. ಹರಡಿನದನ್ನು ತೋಳಿನದರಿಂದ ಭಾಗಿಸಬೇಕು. 84ನ್ನು 140ರಿಂದ ಭಾಗಿಸಿದರೆ 0.6. ಒಂದರ ಆಸುಪಾಸು ಇದ್ದರೆ ಕ್ಷೇಮ, 0.9ರ ಕೆಳಗೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಚೀಟಿಯಲ್ಲಿ ‘ಪಿಎಡಿ’ ಅಂತ ಬರೆದರು, ಪೆರಿಫೆರಲ್ ಆರ್ಟರಿ ಡಿಸೀಸ್. ಹದಿನೈದು ನಿಮಿಷದ ಕೆಲಸ, ಒಂದು ಹನಿ ರಕ್ತ ತೆಗೆಯಲಿಲ್ಲ.

ಅದರ ಕೆಳಗೆ ಅವರು ಬರೆದದ್ದು ಓದಿ ನನಗೆ ಸಿಟ್ಟು ಬಂತು: ಇಸಿಜಿ, ಎಕೊ. “ಸಾಹೇಬರೆ, ನೋವಿರೋದು ಕಾಲಿಗೆ. ಎದೀ ಯಾಕ ನೋಡ್ತೀರಿ? ಬಿಲ್ಲು ಏರ್ಸಾಕೇನು?” ಅಂದೇಬಿಟ್ಟೆ. ಅವರು ನಕ್ಕರು. “ಮಾಸ್ತರ, ನಿಮ್ಮ ಕಾಲು ಮಾತಾಡ್ಲಕತ್ತಾದ. ಎದೀ ಯಾಕ ಸುಮ್ಮನದ ಅಂತ ನೋಡಬೇಕಲ್ಲ” ಅಂದರು. ಆ ಮಾತು ನನಗೆ ಆಗ ತಿಳಿಯಲಿಲ್ಲ. ನಿನಗೆ ಹೇಳಬೇಕೆಂದಿರುವುದು ಅದೊಂದನ್ನೇ.

ನಿನ್ನ ಕಬ್ಬಿಗೆ ಡ್ರಿಪ್ ಹಾಕಿಸಿದ್ದಿ. ಒಂದು ಸಾಲಿಗೆ ನೀರು ಬಾರದೆ ಕಬ್ಬು ಸೊರಗಿದರೆ ಆ ಸಾಲೊಂದೇ ಕೆಟ್ಟಿದೆ ಅನ್ನುತ್ತೀಯಾ? ಅನ್ನುವುದಿಲ್ಲ. ಫಿಲ್ಟರ್ ಬಿಚ್ಚುತ್ತಿ, ಮಿಕ್ಕ ಸಾಲುಗಳ ಬಾಯಿ ನೋಡುತ್ತಿ. ಯಾಕೆಂದರೆ ಎಲ್ಲ ಸಾಲಿಗೂ ಹೋಗುವ ನೀರು ಒಂದೇ, ಅದರಲ್ಲಿರುವ ಸುಣ್ಣ ಒಂದೇ. ಮೈಯಲ್ಲೂ ಅಷ್ಟೇ. ಹೊಗೆ, ಸಕ್ಕರೆ, ಬಿಪಿ, ಕೆಟ್ಟ ಕೊಬ್ಬು, ಇವು ಕಾಲಿನ ನಾಳಕ್ಕೆ ಮಾತ್ರ ಅಂತ ಚೀಟಿ ಬರೆಸಿಕೊಂಡು ಬಂದವಲ್ಲ. ತೊಡೆಯ ನಾಳದ ಗೋಡೆಯಲ್ಲಿ ಕೊಬ್ಬು, ಸುಣ್ಣ ಕೂರಿಸುವ ರಕ್ತವೇ ಎದೆಯ ನಾಳದಲ್ಲೂ, ಮಿದುಳಿಗೆ ಏರುವ ಕೊರಳಿನ ನಾಳದಲ್ಲೂ ಓಡುತ್ತದೆ. ಹೃದಯಕ್ಕೇ ರಕ್ತ ಉಣಿಸುವ ನಾಳಗಳು ಮೂರು ನಾಲ್ಕು ಮಿಲಿಮೀಟರ್ ಅಗಲ, ಅಷ್ಟೇ. ತೊಡೆಯದು ಅದಕ್ಕಿಂತ ದೊಡ್ಡದು. ದೊಡ್ಡದೇ ಕಟ್ಟಿಕೊಂಡಿರುವಾಗ ಸಣ್ಣದರ ಗತಿ ಏನು ಅಂತ ಕೇಳಬೇಡವೇ?

ಇದಿಷ್ಟೇ ಆಗಿದ್ದರೆ ಯಾರು ಬೇಕಾದರೂ ಹೇಳುತ್ತಿದ್ದರು. ಇನ್ನೊಂದಿದೆ, ಅದು ಮೋಸದ್ದು. ನನ್ನ ಎಕೊ ಬಹುಮಟ್ಟಿಗೆ ಚೆನ್ನಾಗೇ ಬಂತು. ಹೃದಯ ಒಂದೊಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅಂತ ಅಳೆಯುತ್ತಾರೆ. 55ರಿಂದ 70 ಇರಬೇಕು, ನನ್ನದು 60 ಇತ್ತು. ಎಡಗೋಣೆಯ ಗೋಡೆ ಮಾತ್ರ ತುಸು ದಪ್ಪ. ಬಿರುಸಾದ ನಾಳಗಳೊಳಗೆ ರಕ್ತ ತಳ್ಳಿ ತಳ್ಳಿ ಅದು ಹಮಾಲರ ತೋಳಿನಂತೆ ದಪ್ಪಗಾಗುತ್ತದೆ. ತೋಳು ದಪ್ಪಾದರೆ ಒಳ್ಳೆಯದು. ಹೃದಯ ದಪ್ಪಾದರೆ ಸಡಿಲಾಗಿ ರಕ್ತ ತುಂಬಿಕೊಳ್ಳಲಾರದು, ಮುಂದೆ ಏದುಸಿರು ಶುರುವಾಗುತ್ತದೆ. ಇರಲಿ. ಆಮೇಲೆ ಓಡುವ ಪಟ್ಟಿಯ ಮೇಲೆ ನಡೆಸುವ ಪರೀಕ್ಷೆಗೆ ಹತ್ತಿಸಿದರು, ಟಿಎಂಟಿ ಅನ್ನುತ್ತಾರೆ. ಮೂರನೇ ನಿಮಿಷಕ್ಕೆ ಮೀನಖಂಡ ಹಿಡಿಯಿತು, ಇಳಿಸಿ ಅಂದೆ. ಹೃದಯ ಇನ್ನೂ ಜೋರಾಗಿ ಬಡಿಯುವ ಹಂತಕ್ಕೇ ಬಂದಿರಲಿಲ್ಲ. “ನೋಡಿದಿರಾ?” ಅಂದರು ಡಾಕ್ಟರು. “ನಿಮ್ಮ ಕಾಲು ಎದೀಗೆ ಮಾತಾಡ್ಲಾಕ ಬಿಡವಲ್ದು.”

ತಿಳಿಯಿತೇ? ಎದೆಯ ನಾಳ ಕಿರಿದಾದವನಿಗೆ ಬೇಗ ಬೇಗ ನಡೆದಾಗ, ಏರು ಹತ್ತಿದಾಗ ಎದೆ ಹಿಡಿಯಬೇಕು. ಆ ಎಚ್ಚರಿಕೆ ಬಂದರೆ ಆತ ದವಾಖಾನೆಗೆ ಹೋಗುತ್ತಾನೆ. ಆದರೆ ಕಾಲು ಹಿಡಿಯುವವನು ಅಷ್ಟು ದೂರ ನಡೆಯುವುದೇ ಇಲ್ಲ. ನಾಲ್ಕನೇ ಕಂಬಕ್ಕೆ ನಿಲ್ಲುತ್ತಾನೆ. ಎದೆ ದೂರು ಹೇಳಬೇಕಾದದ್ದು ಎಂಟನೇ ಕಂಬಕ್ಕೆ. ಆತ ಮೋಟರ್ ಸೈಕಲ್ ಹತ್ತುತ್ತಾನೆ, ಹೊಲದ ಬದುವಿಗೆ ಹೋಗುವುದನ್ನು ಬಿಡುತ್ತಾನೆ, ಕಟ್ಟೆಗೆ ಕೂರುತ್ತಾನೆ. ಮಂದಿ “ವಯಸ್ಸಾತು” ಅನ್ನುತ್ತಾರೆ. ಎದೆ ಸುಮ್ಮನಿದೆ ಅಂದರೆ ಎದೆ ಚೆನ್ನಾಗಿದೆ ಅಂತಲ್ಲ. ಅದಕ್ಕೆ ಸರದಿ ಬಂದಿಲ್ಲ. ನನಗೆ ಆಮೇಲೆ ಔಷಧಿ ಕೊಟ್ಟು ಮಲಗಿದಲ್ಲೇ ಹೃದಯದ ಬಡಿತ ಏರಿಸಿ ನೋಡಿದರು. ಒಂದು ನಾಳ ಕಿರಿದಾಗಿರುವ ಸುಳಿವು ಸಿಕ್ಕಿತು. ನನಗೆ ಅದುವರೆಗೆ ಒಂದು ದಿನವೂ ಎದೆನೋವು ಬಂದಿರಲಿಲ್ಲ.

ಮಾಸ್ತರನ ಚಟ, ಒಂದು ಸಂಗತಿ ಹೇಳದೆ ಇರಲಾರೆ. 1831ರಲ್ಲಿ ಫ್ರಾನ್ಸಿನ ಬೂಲೆ ಎಂಬ ಪಶುವೈದ್ಯ, ಓಡಿಸಿದರೆ ಕುಂಟುವ, ನಿಲ್ಲಿಸಿದರೆ ಸರಿಹೋಗುವ ಒಂದು ಕುದುರೆಯನ್ನು ನೋಡಿ, ಅದರ ಹಿಂಗಾಲಿನ ರಕ್ತನಾಳ ಕಟ್ಟಿದ್ದನ್ನು ಬರೆದಿಟ್ಟ. ಅದೇ ಕುಂಟು ಮನುಷ್ಯನಿಗೂ ಇದೆ ಅಂತ ಶಾರ್ಕೊ ಎಂಬ ಡಾಕ್ಟರು ತೋರಿಸಿದ್ದು 1858ರಲ್ಲಿ, 27 ವರ್ಷ ಆದ ಮೇಲೆ. ನಗಬೇಡ. ನಿನ್ನ ಎತ್ತು ಗಳೆ ಹೂಡಿದಾಗ ಎರಡು ಸಾಲಿಗೊಮ್ಮೆ ನಿಂತರೆ ಅದೇ ಸಂಜೆ ದನದ ಡಾಕ್ಟರಿಗೆ ಫೋನ್ ಹೋಗುತ್ತದೆ. ನೀನು ನಿಂತರೆ ಬೀಡಿ ಬರುತ್ತದೆ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಕ್ರಿಕಿ ಎಂಬ ವೈದ್ಯರೂ ಅವರ ಸಂಗಡಿಗರೂ ಕಾಲಿನ ನಾಳ ಕಿರಿದಾದವರನ್ನೂ ಚೆನ್ನಾಗಿದ್ದವರನ್ನೂ ಹತ್ತು ವರ್ಷ ಗಮನಿಸಿ 1992ರಲ್ಲಿ ಲೆಕ್ಕ ಕೊಟ್ಟರು. ಕಾಲಿನ ದೊಡ್ಡ ನಾಳ ಕಟ್ಟಿದವರು ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಆರು ಪಟ್ಟು. ಇನ್ನೂ ಕಾಲುನೋವೇ ಬಾರದವರಿಗೂ ಅಪಾಯ ಹೆಚ್ಚೇ ಇತ್ತು. “ಕಾಲು ಕೊಯ್ಯಬೇಕಾಗ್ತದೇನೋ” ಅಂತ ನಾವು ಹೆದರುತ್ತೇವೆ. ನಡೆದಾಗ ಕಾಲು ಹಿಡಿಯುವವರಲ್ಲಿ ಕೊಯ್ಯುವ ಮಟ್ಟಕ್ಕೆ ಹೋಗುವವರು ಕಡಿಮೆ. ಹೃದಯಾಘಾತದಿಂದಲೋ ಲಕ್ವಾದಿಂದಲೋ ಹೋಗುವವರು ಹೆಚ್ಚು. ಭಯವನ್ನೂ ಸರಿಯಾದ ಜಾಗದಲ್ಲಿ ಇಡಬೇಕು.

ಕಾಲಿಗೂ ಎದೆಗೂ ನಡುವಿನ ಈ ದಾರಿ ಎರಡೂ ಕಡೆ ಓಡುತ್ತದೆ ಅನ್ನುವುದನ್ನು ಜೇವರ್ಗಿಯ ನಮ್ಮ ಬೀಗರಿಂದ ಕಲಿತೆ. ಅವರ ಹೃದಯವೇ ದುರ್ಬಲ. ಸಂಜೆಗೆ ಪಾದ ಬಾಯುತ್ತವೆ, ರಾತ್ರಿ ಎರಡು ದಿಂಬು ಬೇಕು. ತಳ್ಳುವ ಬಲ ಕಡಿಮೆಯಾದರೆ ಮೊದಲು ಬಡವಾಗುವುದು ಕಾಲುವೆಯ ಕಟ್ಟಕಡೆಯ ಹೊಲ, ಅಂದರೆ ಪಾದ. ಅವರಿಗೂ ಕಾಲುನೋವು ಇತ್ತು. ನನಗೆ ನಡಿಗೆ ಸಲೀಸಾಗಲಿ ಅಂತ ಸಿಲೊಸ್ಟಜಾಲ್ ಅನ್ನುವ ಮಾತ್ರೆ ಕೊಟ್ಟಿದ್ದರು. “ಬೀಗರ, ನಿಮಗ ಛಲೋ ಆಗ್ಯಾದ, ಅದರ ಚೀಟಿ ಕೊಡ್ರಿ” ಅಂದರು. ನಾನು, ಶಾಣ್ಯಾ, ಕೊಟ್ಟೆ. ಪುಣ್ಯಕ್ಕೆ ನುಂಗುವ ಮುಂಚೆ ತಮ್ಮ ಡಾಕ್ಟರಿಗೆ ತೋರಿಸಿದರು. ಹೃದಯ ಸೋತವರಿಗೆ ಆ ಮಾತ್ರೆ ಕೊಡುವಂತೆಯೇ ಇಲ್ಲವಂತೆ. ಕಾಲಿಗೆ ಅಮೃತ, ಸೋತ ಹೃದಯಕ್ಕೆ ವಿಷ. ಇವತ್ತಿಗೂ ನೆನೆದರೆ ಕೈ ನಡುಗುತ್ತದೆ. ನನ್ನ ಚೀಟಿ ನೀನೂ ಕೇಳಬೇಡ.

ಹೃದಯ ಕಾಲಿಗೆ ಮಾಡುವ ಇನ್ನೊಂದು ಕೇಡು ಒಮ್ಮೆಲೇ ಬರುವಂಥದು. ಬಡಿತ ತಾಳ ತಪ್ಪಿದವರ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಗರಣೆ ಕಟ್ಟುತ್ತದೆ. ಆ ಗರಣೆ ಒಂದು ದಿನ ಹೊರಟು ಬಂದು ತೊಡೆಯ ಸಂದಿಯಲ್ಲೋ ಮೊಳಕಾಲಿನ ಹಿಂದೋ ಸಿಕ್ಕಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ತಡೆಯಲಾರದ ನೋವು, ಆಮೇಲೆ ಜೋಮು. ಅದಕ್ಕೆ ಎಣ್ಣೆ ತಿಕ್ಕುತ್ತಾ, ಬೆಳಗಾಗಲಿ ಅಂತ ಕೂರಬಾರದು. ಸುಮಾರು ಆರು ತಾಸಿನೊಳಗೆ ರಕ್ತ ಹರಿಯದಿದ್ದರೆ ಕಾಲು ಉಳಿಯುವುದು ಕಷ್ಟ. ಅಫಜಲಪುರದ ಯಾವುದೋ ಹಳ್ಳಿಯಿಂದ ಜೀಪು ಹೊಂದಿಸಿ ಕಲಬುರಗಿಗೋ ಸೊಲ್ಲಾಪುರಕ್ಕೋ ಮುಟ್ಟುವಷ್ಟರಲ್ಲಿ ಅದರಲ್ಲಿ ಎಷ್ಟು ತಾಸು ಉಳಿಯುತ್ತದೆ, ನೀನೇ ಲೆಕ್ಕ ಹಾಕು.

ಆಳಂದದ ನಿನ್ನ ಅತ್ತಿಯ ಕತೆ ನಿನಗೆ ಅರ್ಧ ಗೊತ್ತು. ಶುಗರ್ ಇದ್ದವಳು. ಜೋಳದ ಕೂಳೆ ಚುಚ್ಚಿ ಬೆರಳಿಗೆ ಗಾಯ ಆಯಿತು, ತಿಂಗಳಾದರೂ ಮಾಯಲಿಲ್ಲ. ನೋವೂ ಇರಲಿಲ್ಲ, ಅದೇ ಕೆಟ್ಟದ್ದು. ಶುಗರಿನಲ್ಲಿ ನಿಜವಾದ ನರಗಳೂ ಸತ್ತಿರುತ್ತವೆ. ಚಳಿಗೆ ಕಾಲು ಬೆಚ್ಚಗಾಗಲಿ ಅಂತ ಉಪ್ಪಿನ ಗಂಟು ಕಾಸಿ ಇಟ್ಟುಕೊಂಡು ಮೇಲೊಂದು ಬೊಬ್ಬೆ ಬೇರೆ ಎಬ್ಬಿಸಿಕೊಂಡಿದ್ದಳು. ಸೊಲ್ಲಾಪುರದಲ್ಲಿ ಹರಡಿನ ಬಿಪಿ ನೋಡಿದರೆ ಲೆಕ್ಕ 1.5 ಬಂತು. “ಒಂದಕ್ಕಿಂತ ಜಾಸ್ತಿ ಅದ, ಭಾಳ ಛಲೋ” ಅಂತ ಕುಣಿದೆವು. 1.4 ದಾಟಿದರೆ ಅದು ಸುಳ್ಳು ಲೆಕ್ಕ. ನಾಳದ ಗೋಡೆಗೆ ಸುಣ್ಣ ಗಟ್ಟಿಯಾಗಿ ಕೂತು, ಪಟ್ಟಿ ಎಷ್ಟು ಬಿಗಿದರೂ ನಾಳ ಮಣಿಯುವುದಿಲ್ಲ. ಅದಕ್ಕೆ ಅಂಕಿ ಏರುತ್ತದೆ. ಕಾಲ್ಬೆರಳಿನ ಒತ್ತಡ ನೋಡಿದಾಗ ಬಣ್ಣ ಬಯಲಾಯಿತು. ಒಂದು ಬೆರಳು ಹೋಯಿತು, ಪಾದ ಉಳಿಯಿತು. ಗಾಣಗಾಪುರದಲ್ಲಿ ನಿರ್ಗುಣ ಪಾದುಕೆಗೆ ತಾಸುಗಟ್ಟಲೆ ಸರದಿ ನಿಲ್ಲುವ ನಾವು ನಮ್ಮ ಪಾದವನ್ನು ತಿರುವಿ ನೋಡುವುದಿಲ್ಲ.

ನಿನ್ನದು ನಾಳದ ನೋವೇ ಅಂತ ನಾನೇಕೆ ಅನ್ನುತ್ತೇನೆ ಅಂದರೆ, ನೀನು ಕೂರಲಿಲ್ಲ, ಬಾಗಲಿಲ್ಲ. ಬರೀ ನಿಂತಿ, ಬಿಟ್ಟಿತು. ಮೊಳಕಾಲಿನ ಸವೆತವಾದರೆ ಎದ್ದು ಮೊದಲ ಹೆಜ್ಜೆ ಇಡುವಾಗಲೇ ನೋವು. ಬೆನ್ನಿನ ಹುರಿಯಿಂದ ಬರುವ ನೋವು ನಿಂತರೆ ಹೋಗುವುದಿಲ್ಲ, ಕೂತರೆ ಇಲ್ಲವೇ ಮುಂದೆ ಬಾಗಿದರೆ ಹೋಗುತ್ತದೆ. ನಾಳದ್ದು ಇಷ್ಟು ಕಂಬ ಅಂತ ಲೆಕ್ಕ ಇಟ್ಟು ಬರುತ್ತದೆ, ಎರಡು ಮೂರು ನಿಮಿಷ ನಿಂತರೆ ಹೋಗುತ್ತದೆ. ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಿತ ಅನ್ನಿಸುವುದಿದೆಯೇ? ಇದ್ದರೆ ಇದನ್ನು ಓದುವುದು ನಿಲ್ಲಿಸಿ ಇವತ್ತೇ ಹೊರಡು. ಅದು ಕಾಲು ಹೋಗುವ ಮುನ್ಸೂಚನೆ. ನಾಡಿ ನೀನೇ ನೋಡಿಕೊಳ್ಳಬಹುದು, ಆದರೆ ಪಾದದ ಮೇಲಿನದು ಚೆನ್ನಾಗಿದ್ದವರಲ್ಲೂ ಕೆಲವರಿಗೆ ಸಿಗುವುದಿಲ್ಲ. ಸಿಗಲಿಲ್ಲ ಅಂತ ಅಳಬೇಡ, ಸಿಕ್ಕಿತು ಅಂತ ಮನೆಯಲ್ಲಿ ಕೂರಬೇಡ.

ಬೀಡಿಯ ಮಾತಿಗೆ ಬರುತ್ತೇನೆ. “ಸಿಗರೇಟಲ್ಲ ಕಾಕಾ, ಎಲೀ ಅದ” ಅನ್ನುತ್ತಿ. ಎಲೆಯೊಳಗೆ ಇರುವುದು ತಂಬಾಕೇ. ಅದರ ಹೊಗೆ ನಾಳವನ್ನು ಆ ಕ್ಷಣಕ್ಕೆ ಹಿಂಡುತ್ತದೆ, ವರ್ಷಗಟ್ಟಲೆಯಲ್ಲಿ ಅದರ ಒಳಪದರವನ್ನು ಕೆಡಿಸುತ್ತದೆ. ನಲವತ್ತೂ ತುಂಬದ ಬೀಡಿ ಸೇದುವ ಹುಡುಗರಿಗೆ ಕೈಕಾಲಿನ ಬೆರಳು ಕಪ್ಪಾಗಿ ಉದುರುವ ಬೇರೆಯೇ ಒಂದು ರೋಗವಿದೆ, 1908ರಲ್ಲಿ ಅದನ್ನು ವಿವರಿಸಿದ ಬರ್ಗರ್ ಎಂಬ ಡಾಕ್ಟರ ಹೆಸರೇ ಅದಕ್ಕೆ. ತಂಬಾಕು ಬಿಡುವುದೇ ಅದರ ಮುಖ್ಯ ಮದ್ದು. ಬಿಡದಿದ್ದರೆ ಬೇರೆ ಯಾವ ಮದ್ದೂ ನಿಲ್ಲುವುದಿಲ್ಲ. ಸುಣ್ಣ ತಿಕ್ಕಿ ತುಟಿಯೊಳಗಿಡುವುದಕ್ಕೆ ಬದಲಾಯಿಸಿದೆ ಅಂತ ಬರಬೇಡ, ಅದು ಮನೆ ಬದಲಾಯಿಸಿದ ಕಳ್ಳ. ನಾನು ಬಿಟ್ಟದ್ದು ಮೂರನೇ ಯತ್ನಕ್ಕೆ. ಎರಡು ಸಲ ಸೋತದ್ದು ನಿನ್ನ ಕಾಕಿಗೆ ಮಾತ್ರ ಗೊತ್ತು.

ಊಟದ ಬಗ್ಗೆ ಹೆಚ್ಚು ಹೇಳಲಾರೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ನಮ್ಮನ್ನು ಕೆಡಿಸಲಿಲ್ಲ. ಸಂಜೆಯ ಮಿರ್ಚಿ ಭಜಿ, ಊಟಕ್ಕೆ ಮೂರು ನಮೂನೆ ಉಪ್ಪಿನಕಾಯಿ, ಅವನ್ನು ನೀನೇ ಬಲ್ಲೆ.

ಮದ್ದಿಗಿಂತ ನನ್ನನ್ನು ನಡೆಸಿದ್ದು ನಡಿಗೆಯೇ. ಎದೆ ತೋರಿಸಿ, ಡಾಕ್ಟರು ಹೂಂ ಅಂದ ಮೇಲೆ ಮಾತ್ರ. ಸಮನೆಲದಲ್ಲಿ ನಡೆಯಬೇಕು. ಕಾಲು ಹಿಡಿದ ಕೂಡಲೇ ನಿಲ್ಲಬಾರದು, ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ಹೋಗಬೇಕು. ಆಮೇಲೆ ನಿಂತು, ಪೂರ್ತಿ ಬಿಟ್ಟ ಮೇಲೆ ಮತ್ತೆ ಹೊರಡಬೇಕು. ಹೀಗೆ ಅರ್ಧ ತಾಸಿನಿಂದ ಮುಕ್ಕಾಲು ತಾಸು, ವಾರಕ್ಕೆ ಕಡಿಮೆ ಅಂದರೂ ಮೂರು ದಿನ, ಮೂರು ತಿಂಗಳು. ಮೊದಲ ವಾರ ನಾಲ್ಕೇ ಕಂಬ. ಎರಡನೇ ವಾರವೂ ನಾಲ್ಕೇ. ಬಿಟ್ಟುಬಿಡೋಣ ಅನ್ನಿಸಿತ್ತು. ಒಂದೂವರೆ ತಿಂಗಳಿಗೆ ಆರು, ಮೂರು ತಿಂಗಳಿಗೆ ಹನ್ನೊಂದೂ ದಾಟಿ ಶಾಲೆಯ ಗೇಟು. ಕಟ್ಟಿದ ನಾಳ ಬಿಚ್ಚಿಕೊಂಡಿರಲಿಲ್ಲ. ಸ್ನಾಯು ಇದ್ದ ರಕ್ತದಲ್ಲೇ ಸಂಸಾರ ಮಾಡುವುದನ್ನು ಕಲಿತಿತ್ತು, ಅಕ್ಕಪಕ್ಕದ ಸಣ್ಣ ನಾಳಗಳೂ ನೆರವಿಗೆ ಬಂದಿದ್ದವು. ಜೊತೆಗೆ ರಕ್ತ ಗಟ್ಟಿಯಾಗದ ಹಾಗೆ ಒಂದು ಮಾತ್ರೆ, ಕೊಬ್ಬಿಗೆ ಒಂದು, ಬಿಪಿಗೆ ಒಂದು, ಇವತ್ತಿಗೂ ನುಂಗುತ್ತೇನೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ನಾರ್ಮಲ್ ಬಂದದ್ದು ಯಾರ ಪುಣ್ಯದಿಂದ?

ನಮ್ಮ ಕಾಲದಷ್ಟು ಅಲೆಯಬೇಕಾಗಿಲ್ಲ ನೀನು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಒಂದು ವೇಳೆ ರಾತ್ರಿ ಎದೆ ಹಿಡಿದು ಬೆವರು ಬಂದರೆ ಅಲ್ಲಿವರೆಗೂ ಕಾಯಬೇಡ, ಮೊದಲು ತಾಲೂಕು ಆಸ್ಪತ್ರೆಗೆ ಓಡು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ ತೋರಿಸುತ್ತಾರೆ, ಗರಣೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಅದರ ವ್ಯವಸ್ಥೆ ಹೇಗಿದೆ ಅಂತ ಹಗಲು ಹೊತ್ತಿನಲ್ಲೇ ಹೋಗಿ ಕೇಳಿಟ್ಟುಕೋ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬಾ. ಕಲಬುರಗಿ ಬಸ್ ಸ್ಟ್ಯಾಂಡಿನ ಗೇಟಿನ ಹತ್ತಿರ ನಿಂತಿರುತ್ತೇನೆ. ಬೂಟು ಹಾಕಿ ಬರಬೇಡ, ಬಿಚ್ಚುವುದು ಹಾಕುವುದು ತ್ರಾಸು. ಮನೆಯಲ್ಲಿರುವ ಗುಳಿಗೆಯ ಖಾಲಿ ಪಟ್ಟಿಗಳನ್ನೂ ಹಳೆಯ ಚೀಟಿಗಳನ್ನೂ, ಆ ಕೆಂಪು ಇಂಜೆಕ್ಷನ್ನಿನ ಡಬ್ಬಿ ಇದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬಾ. ಡಾಕ್ಟರು ಕಾಲು ನೋಡಿ ಎದೆಗೆ ಬರೆದುಕೊಟ್ಟರೆ ನನ್ನ ಹಾಗೆ ಜಗಳಕ್ಕೆ ನಿಲ್ಲಬೇಡ. ಬಸ್ ಸ್ಟ್ಯಾಂಡಿನಿಂದ ಆಟೊ ಹಿಡಿಯುವುದಿಲ್ಲ, ಸ್ವಲ್ಪ ದೂರ ನಡೆಸುತ್ತೇನೆ. ಎಷ್ಟನೇ ಕಂಬಕ್ಕೆ ನಿಲ್ಲುತ್ತಿ ಅಂತ ಎಣಿಸಬೇಕಾಗಿದೆ. ಅಲ್ಲಿ ಡಾಕ್ಟರು ಮೊದಲು ಕೇಳುವುದು ಅದನ್ನೇ.